ಶಿರಸಿಯ ಹಗಲು ಕೇಂದ್ರ: ಖರ್ಚಿನ ನೂರಕ್ಕೆ ಅರವತ್ತು ಪಾಲು ಒಬ್ಬರೇ ಕೊಡುತ್ತಿದ್ದಾರೆ, ಅವರು ನಿಲ್ಲಿಸಿದರೆ ಮುಂದೇನು?

ಬನವಾಸಿ_ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಶಿರಸಿ ತಾಲೂಕಿನಲ್ಲಿ ಬುದ್ಧಿಮಾಂದ್ಯತೆ ಮತ್ತು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನಮ್ಮ ಟ್ರಸ್ಟ್ ಹಗಲು ಕೇಂದ್ರ ನಡೆಸುತ್ತಿದೆ. ಮಕ್ಕಳು 26. ತಿಂಗಳಿಗೆ 22 ದಿನ ಕೆಲಸ. ವರ್ಷದ ಖರ್ಚು ಸುಮಾರು 14 ಲಕ್ಷ. ಇಬ್ಬರು ವಿಶೇಷ ಶಿಕ್ಷಕಿಯರು, ಒಬ್ಬ ಆಯಾ, ಚಾಲಕ ಮತ್ತು ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಸ್ಟ್, ಇವರೆಲ್ಲರ ಸಂಬಳಕ್ಕೆ 8.76 ಲಕ್ಷ ಹೋಗುತ್ತದೆ. ವಾಹನದ ಡೀಸೆಲ್, ರಿಪೇರಿಗೆ 2.16 ಲಕ್ಷ. ಮಧ್ಯಾಹ್ನದ ಊಟ ಮಗುವಿಗೆ ದಿನಕ್ಕೆ 35 ರೂಪಾಯಿಯಂತೆ 2.40 ಲಕ್ಷ. ಬಾಡಿಗೆ, ಕರೆಂಟು, ಆಡಿಟ್ ಎಲ್ಲ ಸೇರಿ ಉಳಿದದ್ದು.

ಈ 14 ಲಕ್ಷದಲ್ಲಿ 8.4 ಲಕ್ಷ ಬೆಂಗಳೂರಿನ ಒಂದೇ ಕುಟುಂಬದಿಂದ ಬರುತ್ತಿದೆ. ಬರುವ ಮಾರ್ಚ್ ನಂತರ ಕೊಡಲಾಗುವುದಿಲ್ಲ ಎಂದು ಅವರು ಮುಂಚಿತವಾಗಿಯೇ ತಿಳಿಸಿದ್ದಾರೆ. ಆದಾಯ ತೆರಿಗೆ ಕಾಯ್ದೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ವಿನಾಯಿತಿ) ಎರಡೂ ತಾತ್ಕಾಲಿಕ ನೋಂದಣಿಯಲ್ಲಿವೆ. ರಸೀದಿ ಪುಸ್ತಕ ಇದೆ. ಆದರೆ ಯುಪಿಐಗೆ ಬರುವ ಹಣಕ್ಕೆ ಎಲ್ಲರಿಗೂ ರಸೀದಿ ಹೋಗುತ್ತಿಲ್ಲ. ಊಟಕ್ಕೆ ಕೊಡುವವರು ಬೇಕಾದಷ್ಟು ಜನ, ಸಂಬಳಕ್ಕೆ ಕೊಡುವವರು ಯಾರೂ ಇಲ್ಲ.

ಎಲ್ಲಿಂದ ಶುರು ಮಾಡಬೇಕು? ನೇರವಾಗಿ ಕಂಪನಿಗಳ ಸಿಎಸ್‌ಆರ್‌ಗೆ (ಸಾಮಾಜಿಕ ಕೆಲಸಕ್ಕೆ ಕಂಪನಿಗಳು ಖರ್ಚು ಮಾಡಬೇಕಾದ ಹಣ) ಹೋಗಬೇಕೋ, ಊರಿನ ಸಣ್ಣ ದಾನಿಗಳನ್ನು ಕಟ್ಟಬೇಕೋ?

ಲೆಡ್ಜರ್_ಕುಮಟಾ

ಮೊದಲು ಕಾಗದಪತ್ರ. ಅದು ಸರಿ ಇಲ್ಲದೆ ಯಾರ ಬಾಗಿಲಿಗೆ ಹೋದರೂ ಎರಡನೆಯ ಸಲ ಹೋಗಲಾಗುವುದಿಲ್ಲ.

ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬರೆಯುತ್ತೇನೆ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಮುಗಳ, ನಮೂನೆಗಳ ಸಂಖ್ಯೆ ಬೇರೆ. ಪೋರ್ಟಲಿನಲ್ಲಿ ತುಂಬುವಾಗ ಸಂಖ್ಯೆಗಿಂತ ಹೆಸರನ್ನು ನೋಡಿಕೊಳ್ಳಿ.

ತಾತ್ಕಾಲಿಕ ನೋಂದಣಿಗೆ ಮೂರು ವರ್ಷದ ಆಯಸ್ಸು. ಅದು ಮುಗಿಯುವ ಆರು ತಿಂಗಳು ಮೊದಲು, ಅಥವಾ ಕೆಲಸ ಶುರುವಾಗಿ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ ನಿಯಮಿತ ನೋಂದಣಿಗೆ 10ಎಬಿ ನಮೂನೆಯಲ್ಲಿ ಅರ್ಜಿ ಹಾಕಬೇಕು. ಈ 'ಯಾವುದು ಮೊದಲೋ' ಎಂಬುದನ್ನು ಬಹಳ ಟ್ರಸ್ಟ್‌ಗಳು ಓದುವುದೇ ಇಲ್ಲ. ಆದೇಶದ ಮೇಲಿನ ಕೊನೆಯ ವರ್ಷ ನೋಡಿ, ಇನ್ನೂ ಸಮಯ ಇದೆ ಎಂದು ಕೂರುತ್ತಾರೆ. ನಿಮ್ಮ ಕೇಂದ್ರ ಈಗಾಗಲೇ ನಡೆಯುತ್ತಿದೆ, ಹಾಗಾಗಿ ಈ ವಾರವೇ ನಿಮ್ಮ ಸಿಎ (ಲೆಕ್ಕ ಪರಿಶೋಧಕ) ಅವರ ಹತ್ತಿರ ಎರಡೂ ಆದೇಶ ಒಯ್ದು ತೋರಿಸಿ. 12ಎ ಮತ್ತು 80ಜಿಗೆ ಅರ್ಜಿ ಬೇರೆ ಬೇರೆ. ಒಂದನ್ನು ಹಾಕಿ ಇನ್ನೊಂದು ತಾನಾಗಿಯೇ ಆಗುತ್ತದೆ ಎಂದುಕೊಳ್ಳಬೇಡಿ.

ಇನ್ನು ರಸೀದಿ. ಅದರಲ್ಲಿ ಇರಬೇಕಾದದ್ದು: ಕ್ರಮಸಂಖ್ಯೆ, ಟ್ರಸ್ಟಿನ ಪ್ಯಾನ್, 80ಜಿ ನೋಂದಣಿ ಸಂಖ್ಯೆ ಮತ್ತು ದಿನಾಂಕ, ದಾನಿಯ ಪೂರ್ತಿ ಹೆಸರು, ವಿಳಾಸ, ಪ್ಯಾನ್, ಮೊತ್ತ ಅಂಕೆಯಲ್ಲೂ ಅಕ್ಷರದಲ್ಲೂ, ನಗದೋ ಚೆಕ್ಕೋ ಯುಪಿಐಯೋ, ಅದರ ವ್ಯವಹಾರ ಸಂಖ್ಯೆ, ಮತ್ತು ಯಾವ ಉದ್ದೇಶಕ್ಕೆ ಎಂಬುದು. ಕೊನೆಯ ಈ ಕಾಲಂ ಅನ್ನು ಖಾಲಿ ಬಿಡಲೇಬಾರದು. ಸಾಮಾನ್ಯ ದೇಣಿಗೆ, ಉದ್ದೇಶಿತ ದೇಣಿಗೆ, ಮೂಲನಿಧಿ (ಖರ್ಚು ಮಾಡದೆ ಕಾಯ್ದಿಡುವ ಹಣ) ಮೂರೂ ಬೇರೆ. ಮೂಲನಿಧಿ ಎಂದು ನೀವೇ ಬರೆದುಕೊಂಡರೆ ಸಾಲದು, ದಾನಿಯೇ ಹಾಗೆಂದು ಲಿಖಿತವಾಗಿ ಹೇಳಿರಬೇಕು.

ಯುಪಿಐ ವಿಷಯ ಗಂಭೀರ. ಫೋನಿನಲ್ಲಿ ಬರೀ ಒಂದು ಹೆಸರು, 501 ರೂಪಾಯಿ ಬಂತು ಎಂಬ ಸಂದೇಶ ಮಾತ್ರ ಕಾಣುತ್ತದೆ. ಕೊಟ್ಟವರ ಹೆಸರು ಮತ್ತು ವಿಳಾಸ ಎರಡೂ ನಿಮ್ಮ ದಾಖಲೆಯಲ್ಲಿ ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ಅನಾಮಧೇಯ ದೇಣಿಗೆ. ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಷ್ಟರವರೆಗೆ ತೊಂದರೆಯಿಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 30 ತೆರಿಗೆ. ನಿಮ್ಮ ಲೆಕ್ಕದಲ್ಲಿ 14 ಲಕ್ಷದ ಶೇ. 5 ಎಂದರೆ 70 ಸಾವಿರ, ಆದ್ದರಿಂದ ಮಿತಿ 1 ಲಕ್ಷ. ಮಾರಿಕಾಂಬಾ ಜಾತ್ರೆಯಲ್ಲಿ ಡಬ್ಬಿ ಇಟ್ಟು, ಯುಪಿಐ ಹೆಸರಿಲ್ಲದ ಹಣವೂ ಸೇರಿ 1.60 ಲಕ್ಷ ಆಯಿತೆನ್ನಿ. ಮೇಲಿನ 60 ಸಾವಿರಕ್ಕೆ 18 ಸಾವಿರ ತೆರಿಗೆ, ಅದರ ಮೇಲೆ ಸೆಸ್. ಒಂದು ತಿಂಗಳ ಡೀಸೆಲ್, ರಿಪೇರಿ ದುಡ್ಡು ಹೀಗೆ ಕೈಬಿಟ್ಟು ಹೋಗುತ್ತದೆ.

ಪರಿಹಾರ ಸರಳ. ಕ್ಯೂಆರ್ ಹಲಗೆಯ ಕೆಳಗೆ ಒಂದು ವಾಟ್ಸಾಪ್ ಸಂಖ್ಯೆ ಹಾಕಿ, 'ಹೆಸರು, ವಿಳಾಸ, ಪ್ಯಾನ್ ಕಳಿಸಿ, ಎರಡು ದಿನದಲ್ಲಿ ರಸೀದಿ ತಲುಪುತ್ತದೆ' ಎಂದು ಬರೆಯಿರಿ. ಕ್ಯೂಆರ್ ಟ್ರಸ್ಟಿನ ಖಾತೆಯದ್ದೇ ಆಗಿರಲಿ. ಕಾರ್ಯದರ್ಶಿಯ ಸ್ವಂತ ಫೋನಿನ ಕ್ಯೂಆರ್ ಒಂದು ದಿನವೂ ಬೇಡ.

ನಗದು ದೇಣಿಗೆ 2,000 ದಾಟಿದರೆ ದಾನಿಗೆ 80ಜಿ ವಿನಾಯಿತಿ ಇಲ್ಲ. 10,000 ಕೊಟ್ಟವರ ರಸೀದಿಯನ್ನು 2,000ದ ಐದು ಹಾಳೆಯಾಗಿ ಹರಿದು ಕೊಡಿ ಎಂದು ಕೇಳುವವರು ಇದ್ದಾರೆ. ಕೊಡಬೇಡಿ. ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಂತೂ ನಿಷಿದ್ಧ, ದಂಡ ಅಷ್ಟೇ ಮೊತ್ತ. ನೀವು ಕೊಡುವ ಕಡೆಯೂ ಹಾಗೆಯೇ: ಒಬ್ಬರಿಗೆ ಒಂದು ದಿನ 10,000 ಮೀರಿ ನಗದು ಕೊಟ್ಟರೆ ಆ ಖರ್ಚು ಟ್ರಸ್ಟಿನ ಉದ್ದೇಶಕ್ಕೆ ವ್ಯಯಿಸಿದ ಲೆಕ್ಕಕ್ಕೆ ಬರುವುದಿಲ್ಲ. ಗ್ಯಾರೇಜಿನ ಬಿಲ್ಲು ಬಹಳ ಕಡೆ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಅಡಿಕೆ ಮೂಟೆ, ತೆಂಗಿನಕಾಯಿ, ಅಕ್ಕಿ ಕೊಟ್ಟವರಿಗೆ ಸ್ವೀಕೃತಿ ಪತ್ರ ಕೊಡಿ, ಅದರಲ್ಲಿ 80ಜಿ ಎಂದು ಬರೆಯಬೇಡಿ. ವಿನಾಯಿತಿ ಹಣಕ್ಕೆ ಮಾತ್ರ, ವಸ್ತುವಿಗಲ್ಲ.

ಲೆಡ್ಜರ್_ಕುಮಟಾ

10ಬಿಡಿ, ಅಂದರೆ ದಾನಿಗಳ ಪಟ್ಟಿ ಸಲ್ಲಿಸುವ ನಮೂನೆಯ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಮಾರ್ಚ್ 31ಕ್ಕೆ ಮುಗಿದ ವರ್ಷದ ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಇಲಾಖೆಯ ಪೋರ್ಟಲಿಗೆ ಏರಿಸಬೇಕು. ಅದಾದ ಮೇಲೆ ಅಲ್ಲಿಂದಲೇ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಇಳಿಸಿಕೊಂಡು ದಾನಿಗೆ ಕೊಡಬೇಕು, ಅದಕ್ಕೂ ಮೇ 31ರ ಗಡುವೇ. ಪ್ರಮಾಣಪತ್ರ ಏರಿಸಿದ ಕ್ಷಣವೇ ಸಿಗುವುದಿಲ್ಲ, ಒಂದು ದಿನ ಕಾಯಬೇಕು. ಆದ್ದರಿಂದ ಮೇ 15 ನಿಮ್ಮ ನಿಜವಾದ ಗಡುವು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಕೊಡದೇ ಹೋದರೆ 10 ಸಾವಿರದಿಂದ 1 ಲಕ್ಷದವರೆಗೆ ದಂಡ. ನಿಮ್ಮ ರಸೀದಿ ಎಷ್ಟೇ ಚಂದ ಇದ್ದರೂ 10ಬಿಇ ಇಲ್ಲದೆ ದಾನಿಗೆ ವಿನಾಯಿತಿ ಸಿಗುವುದಿಲ್ಲ. ಜುಲೈಯಲ್ಲಿ ರಿಟರ್ನ್ ತುಂಬಲು ಕೂತ ದಾನಿಗೆ ಇದು ಗೊತ್ತಾದರೆ ಆ ಹೆಸರು ನಿಮ್ಮ ಪಟ್ಟಿಯಿಂದ ಹೋಯಿತೆಂದೇ ಲೆಕ್ಕ.

ತಪ್ಪು ಹೆಚ್ಚಾಗಿ ಆಗುವುದು ಪ್ಯಾನ್‌ನಲ್ಲಿ. ಐದು ಅಕ್ಷರ, ನಾಲ್ಕು ಅಂಕೆ, ಕೊನೆಗೊಂದು ಅಕ್ಷರ. ಅಂಕೆಯ ಜಾಗದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಕೂತಿರುತ್ತದೆ. ನಾಲ್ಕನೆಯ ಅಕ್ಷರವನ್ನು ಯಾವಾಗಲೂ ನೋಡಿ: ವ್ಯಕ್ತಿಯಾದರೆ 'ಪಿ', ಕಂಪನಿಯಾದರೆ 'ಸಿ', ಹಿಂದೂ ಅವಿಭಕ್ತ ಕುಟುಂಬವಾದರೆ 'ಎಚ್'. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದು ಬಹಳ ಮುಖ್ಯ. ಚೆಕ್ಕು ಮನೆಯ ಅವಿಭಕ್ತ ಕುಟುಂಬದ ಖಾತೆಯದ್ದು, ರಸೀದಿಗೆ ಬರೆಸಿದ್ದು ಯಜಮಾನರ ಸ್ವಂತ ಪ್ಯಾನ್. ವಿನಾಯಿತಿ ಆಮೇಲೆ ತಪ್ಪು ರಿಟರ್ನಿಗೆ ಹೋಗಿ ಕೂರುತ್ತದೆ. ಚೆಕ್ಕಿನ ಮೇಲೆ ಮುದ್ರಿತವಾದ ಹೆಸರು ಮತ್ತು ಪ್ಯಾನ್ ಎರಡೂ ಒಂದೇ ಖಾತೆದಾರರದ್ದೇ ಎಂದು ತೆಗೆದುಕೊಳ್ಳುವಾಗಲೇ ಕೇಳಿ.

ತಪ್ಪಾದರೆ ಪರಿಷ್ಕೃತ ಪಟ್ಟಿ ಹಾಕಲು ಅವಕಾಶ ಇದೆ, ಗಾಬರಿ ಬೇಡ. ಆದರೆ ಹಳೆಯ ಪ್ರಮಾಣಪತ್ರ ಆಗಲೇ ದಾನಿಯ ಕೈ ಸೇರಿದ್ದರೆ ಹೊಸದನ್ನು ಕಳಿಸಿ, ಹಳೆಯದು ರದ್ದು ಎಂದು ತಿಳಿಸುವುದನ್ನು ಮರೆಯಬೇಡಿ.

ತೋಟದಂಚು

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಊಟಕ್ಕೆ ಜನ ಇದ್ದಾರೆ, ಸಂಬಳಕ್ಕೆ ಇಲ್ಲ. ಯಾಕೆಂದರೆ ನೀವು ಊಟವನ್ನು ಮಾತ್ರ ಜನರ ಮುಂದೆ ಇಟ್ಟಿದ್ದೀರಿ.

26 ಮಕ್ಕಳು, 35 ರೂಪಾಯಿ. ಒಂದು ದಿನದ ಊಟಕ್ಕೆ 910 ರೂಪಾಯಿ. ಯಾರೋ ತಂದೆಯ ಪುಣ್ಯತಿಥಿಗೆ 1,000 ಕೊಟ್ಟು ಸಮಾಧಾನದಿಂದ ಹೋಗುತ್ತಾರೆ. ಆದರೆ ಆ ದಿನ ಮಗುವನ್ನು ಮನೆಯಿಂದ ಕರೆತಂದದ್ದು, ತುತ್ತು ತಿನ್ನಿಸಿದ್ದು, ಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸಿದ್ದು, ಮತ್ತೆ ಮನೆ ಮುಟ್ಟಿಸಿದ್ದು ಇದ್ಯಾವುದೂ ಆ 910ರಲ್ಲಿಲ್ಲ. 14 ಲಕ್ಷವನ್ನು 264 ದಿನಕ್ಕೆ ಭಾಗಿಸಿ: ಒಂದು ದಿನಕ್ಕೆ 5,300 ರೂಪಾಯಿ. 'ಒಂದು ದಿನದ ಊಟ' ಎಂಬ ಹಲಗೆ ತೆಗೆದು 'ಒಂದು ದಿನದ ಕೇಂದ್ರ, 5,300' ಎಂದು ಬರೆಯಿರಿ. ಅದರ ಕೆಳಗೆ ಬಿಡಿಸಿ ತೋರಿಸಿ: ಶಿಕ್ಷಕಿಯರು, ಆಯಾ, ಚಾಲಕ, ಫಿಸಿಯೋ 3,318, ವಾಹನ 818, ಊಟ 910, ಉಳಿದದ್ದು 258. ಸಂಬಳಕ್ಕೆ ಕೊಡುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಇಂಥ ಕೇಂದ್ರದಲ್ಲಿ ಶಿಕ್ಷಕಿಯೇ ಸೇವೆ, ಕಟ್ಟಡ ಅಲ್ಲ. ಅಷ್ಟು ಆಗದವರಿಗೆ ಒಂದು ಮಗುವಿನ ಒಂದು ತಿಂಗಳು ಎಂದರೆ ಸುಮಾರು 4,500. ಅದೂ ಆಗದವರಿಗೆ ತಿಂಗಳಿಗೆ 500.

ಬರಿದಾಗುವ 8.4 ಲಕ್ಷವನ್ನು ಹೀಗೆ ತುಂಬಬಹುದು. ತಿಂಗಳಿಗೆ 500 ಕೊಡುವ 70 ಜನ, 4.2 ಲಕ್ಷ. ವರ್ಷಕ್ಕೆ ತಲಾ ಒಂದು ದಿನ ಹೊತ್ತುಕೊಳ್ಳುವ 40 ಮನೆ, 2.12 ಲಕ್ಷ. ಉಳಿದ 2 ಲಕ್ಷಕ್ಕೆ ಊರಿನ ಸಂಸ್ಥೆಗಳು. ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ, ಲಾಭ ವಿಲೇವಾರಿ ಅಲ್ಲಿಯೇ ಮಂಜೂರಾಗುವುದು. ದಾನ–ಧರ್ಮಕ್ಕೆ ಇಡುವ ಮೊತ್ತದಲ್ಲಿ ಪಾಲು ಬೇಕಾದರೆ ನಿಮ್ಮ ಅರ್ಜಿ ಜೂನ್–ಜುಲೈಯಲ್ಲೇ ಆಡಳಿತ ಮಂಡಳಿಯ ಮುಂದೆ ಇರಬೇಕು. ಸಭೆ ಮುಗಿದ ಮೇಲೆ ಹೋದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾರೆ, ಅದು ಅವರ ತಪ್ಪಲ್ಲ.

ಒಂದು ಎಚ್ಚರಿಕೆ. ಅಡಿಕೆ ಬೆಳೆಗಾರರ ಮುಂದೆ 80ಜಿ ಮಾತನ್ನೇ ಮೊದಲು ಎತ್ತಬೇಡಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಾಗ ವಿನಾಯಿತಿ ಯಾರಿಗೆ ಬೇಕು? ಸಂಬಳದವರಲ್ಲೂ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಸಿಗುವುದಿಲ್ಲ. ಹಳೆಯ ಪದ್ಧತಿಯಲ್ಲಿರುವ ಸಂಬಳದವರು ಮತ್ತು ವ್ಯಾಪಾರಸ್ಥರು, ಪಾಲುದಾರಿಕೆ ಸಂಸ್ಥೆಗಳು ಇವರಿಗೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅದೂ ಕೊಟ್ಟದ್ದರ ಅರ್ಧಕ್ಕೆ, ಅರ್ಹ ಆದಾಯದ ಶೇ. 10ರ ಮಿತಿಯೊಳಗೆ. ಉಳಿದವರು ಕೊಡುವುದು ಹಿರಿಯರ ನೆನಪಿಗೆ, ಮಗುವಿನ ಮುಖ ನೋಡಿ.

ಹಿರಿಯರ ನೆನಪು ಎಂದೆ, ಅದರಲ್ಲೊಂದು ಸೂಕ್ಷ್ಮ ಇದೆ. ದಾನಿಗಳ ವಹಿಯಲ್ಲಿ ಪುಣ್ಯತಿಥಿಯನ್ನು ಇಂಗ್ಲಿಷ್ ತಾರೀಕಿನಲ್ಲಿ ಬರೆದಿಡಬೇಡಿ. ಶ್ರಾದ್ಧ ನಡೆಯುವುದು ಮಾಸ, ಪಕ್ಷ, ತಿಥಿ ನೋಡಿ. ಕಳೆದ ವರ್ಷ ನವೆಂಬರ್ 12ಕ್ಕೆ ಬಂದದ್ದು ಈ ವರ್ಷ ಹನ್ನೊಂದು ದಿನ ಹಿಂದೆ ಸರಿಯಬಹುದು, ಅಧಿಕ ಮಾಸ ಬಂದರೆ ಮುಂದಕ್ಕೂ ಹೋಗಬಹುದು. 'ಕಾರ್ತಿಕ ಬಹುಳ ಪಂಚಮಿ' ಎಂದೇ ಬರೆದಿಡಿ. ಯುಗಾದಿಗೆ ಹೊಸ ಪಂಚಾಂಗ ಬಂದ ದಿನ ಕೂತು ಇಡೀ ವರ್ಷದ ತಾರೀಕು ಹಾಕಿಕೊಳ್ಳಿ. ವಾರ ಮೊದಲು ಫೋನು. ಆ ದಿನ ಕರಿಹಲಗೆಯಲ್ಲಿ ಹಿರಿಯರ ಹೆಸರು. ಸಂಜೆಯೊಳಗೆ ಆ ಹಲಗೆಯ ಫೋಟೋ ಮನೆಗೆ. ಮಕ್ಕಳ ಮುಖದ ಫೋಟೋ ಬೇಡ. ಅವರ ತಂದೆ–ತಾಯಿಯ ಲಿಖಿತ ಒಪ್ಪಿಗೆ ಇದ್ದರೂ ಕರುಣೆ ಹುಟ್ಟಿಸುವ ಚಿತ್ರ ಬೇಡವೇ ಬೇಡ, ಮಕ್ಕಳ ಮರ್ಯಾದೆ ದೊಡ್ಡದು.

ಕೇಳುವ ಕಾಲವೂ ಮುಖ್ಯ. ಕೊಯ್ಲಿನ ಗಡಿಬಿಡಿಯಲ್ಲಿ ತೋಟದವರನ್ನು ಕೇಳಬೇಡಿ, ಚಾಲಿ ಅಡಿಕೆ ಒಣಗಿ ಮಾರುಕಟ್ಟೆಗೆ ಹೋದ ಮೇಲೆ ಕೇಳಿ. ಏಪ್ರಿಲ್–ಮೇಯಲ್ಲಿ ಬೆಂಗಳೂರು, ಮುಂಬೈಯವರು ರಜೆಗೆ ಊರಿಗೆ ಬರುತ್ತಾರೆ. ಕೇಂದ್ರಕ್ಕೆ ಕರೆದು ತೋರಿಸಲು ಅದೇ ಸಮಯ. ಘಟ್ಟದ ಕೆಳಗೆ ಹೋದರೆ, ಕಾರವಾರ, ತದಡಿ, ಹೊನ್ನಾವರದ ಬೋಟಿನವರ ಹತ್ತಿರ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಹೋಗಬಾರದು. ದೋಣಿ ದಡದಲ್ಲಿ, ಬಲೆ ರಿಪೇರಿಯ ಖರ್ಚು ತಲೆ ಮೇಲೆ. ದಸರಾ ಕಳೆದ ಮೇಲೆ ಹೋಗಿ.

ಕಾಳಿ_ಕೊಳ್ಳ

ಸಿಎಸ್‌ಆರ್ ಬಗ್ಗೆ ನಾನು ಹೇಳುತ್ತೇನೆ. ಬಿಡಬೇಡಿ, ಆದರೆ ಅದನ್ನೇ ನೆಚ್ಚಿ ಸಂಬಳ ಕೊಡಲು ಹೋಗಬೇಡಿ.

ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಖರ್ಚು ಮಾಡಬೇಕು ಎಂಬುದು 2013ರ ಕಂಪನಿ ಕಾಯ್ದೆಯ 135ನೇ ಕಲಮು. ನಿಮ್ಮ ಕೆಲಸ ಅದರ ಏಳನೇ ಅನುಸೂಚಿಯ ಎರಡನೇ ಅಂಶದಲ್ಲಿ ನೇರವಾಗಿ ಬರುತ್ತದೆ, ವಿಶೇಷ ಶಿಕ್ಷಣ ಎಂದು ಅಲ್ಲೇ ಬರೆದಿದೆ. ಪ್ರಸ್ತಾವನೆಯ ಮೊದಲ ಪುಟದಲ್ಲೇ ಇದನ್ನು ಹಾಕಿ.

ಅರ್ಹತೆಗೆ 12ಎ, 80ಜಿ, ಅದೇ ಥರದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ, ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಸಂಖ್ಯೆ. ಸಿಎಸ್‌ಆರ್-1ಕ್ಕೆ ಟ್ರಸ್ಟಿಯ ಡಿಜಿಟಲ್ ಸಹಿ ಬೇಕು, ಜೊತೆಗೆ ಸಿಎ, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಒಬ್ಬರ ದೃಢೀಕರಣ. ಜೊತೆಗೆ ನೀತಿ ಆಯೋಗದ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಪೋರ್ಟಲ್) ಸಂಖ್ಯೆ ಇಟ್ಟುಕೊಳ್ಳಿ, ಎಲ್ಲರೂ ಕೇಳುತ್ತಾರೆ. ಅಲ್ಲಿ ಪದಾಧಿಕಾರಿಗಳ ಹೆಸರು ಆಧಾರ್, ಪ್ಯಾನ್ ಮತ್ತು ಟ್ರಸ್ಟ್ ಡೀಡ್ ಮೂರರಲ್ಲೂ ಒಂದೇ ಥರ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಒಂದರಲ್ಲಿ 'ಭಟ್', ಇನ್ನೊಂದರಲ್ಲಿ 'ಭಟ್ಟ' ಎಂದಿದ್ದರೂ ಸಾಕು.

ಕಾಯ್ದೆಯೇ ಕಂಪನಿಗೆ ತಾನಿರುವ ಸ್ಥಳ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಜಿಲ್ಲೆಯ ದೊಡ್ಡ ಘಟಕಗಳು ಕೈಗಾ ಅಣುಸ್ಥಾವರ, ದಾಂಡೇಲಿಯ ಕಾಗದ ಕಾರ್ಖಾನೆ, ಬಿಣಗಾದ ರಾಸಾಯನಿಕ ಕಾರ್ಖಾನೆ. ಸ್ಥಾವರದ ಸುತ್ತಲಿನ ಹಳ್ಳಿಯ ಅರ್ಜಿಗೂ ಶಿರಸಿಯ ಅರ್ಜಿಗೂ ಅಲ್ಲಿ ಒಂದೇ ತೂಕ ಸಿಗುವುದಿಲ್ಲ. ನಿಮಗೆ ಹತ್ತಿರದ ದಾರಿ ಶಿರಸಿಯಲ್ಲಿ ಶಾಖೆ ಇರುವ ಬ್ಯಾಂಕು, ಹಣಕಾಸು ಕಂಪನಿಗಳು. ಶಾಖೆಯ ಮ್ಯಾನೇಜರ್ ಹಣ ಮಂಜೂರು ಮಾಡಲಾರರು, ಆದರೆ ಅವರ ಶಿಫಾರಸು ಪತ್ರ ಮುಖ್ಯ ಕಚೇರಿಯಲ್ಲಿ ಕೆಲಸ ಮಾಡುತ್ತದೆ.

ಏನು ಕೇಳಬೇಕು? ಕಂಪನಿಗಳಿಗೆ ಕಣ್ಣಿಗೆ ಕಾಣುವ ಆಸ್ತಿ ಇಷ್ಟ. ಗಾಲಿಕುರ್ಚಿ ಏರುವ ವಾಹನ, ಥೆರಪಿ ಕೋಣೆಯ ಸಾಮಾನು, ಇಳಿಜಾರು ದಾರಿ, ಅಂಗವಿಕಲಸ್ನೇಹಿ ಶೌಚಾಲಯ. ಇವನ್ನೇ ಕೇಳಿ, ಆದರೆ ಪ್ರತಿಯೊಂದಕ್ಕೂ ಮೂರು ವರ್ಷದ ನಿರ್ವಹಣೆ ಸೇರಿಸಿಯೇ ಕೇಳಿ. ವಾಹನ ಕೊಟ್ಟರೆ ವಿಮೆ, ಫಿಟ್‌ನೆಸ್ ಪ್ರಮಾಣಪತ್ರ, ಟೈರು, ಚಾಲಕ ಎಲ್ಲ ನಿಮ್ಮ ತಲೆಗೆ. ದಾನವಾಗಿ ಬಂದ ವಾಹನವೇ ಸಂಸ್ಥೆಯನ್ನು ಸಾಲಕ್ಕೆ ಎಳೆಯುವುದು ಹೀಗೆ.

ಶೇ. 5ರ ಆಡಳಿತ ವೆಚ್ಚದ ಮಿತಿಯನ್ನು ನಿಮಗೆ ತೋರಿಸಿ ಸಂಬಳ ಕತ್ತರಿಸಿ ಎಂದರೆ ವಿನಯದಿಂದ ವಿವರಿಸಿ. ಅದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ವೆಚ್ಚಕ್ಕೆ ಹಾಕಿದ ಮಿತಿ. ಯೋಜನೆಯನ್ನು ನಡೆಸುವ ಶಿಕ್ಷಕಿಯ ಸಂಬಳ ಯೋಜನಾ ವೆಚ್ಚ.

ಹಣ ಕಂತಿನಲ್ಲಿ ಬರುತ್ತದೆ. ಕೊನೆಯ ಕಂತು ಸಿಎ ಸಹಿಯ ವಿನಿಯೋಗ ಪ್ರಮಾಣಪತ್ರ ಕೊಟ್ಟ ಮೇಲೆ. ಅಂದರೆ ಮೊದಲು ನಿಮ್ಮ ಕೈಯಿಂದ ಖರ್ಚಾಗಬೇಕು. ಪ್ರತಿ ಕಂಪನಿಯ ಹಣಕ್ಕೂ ಟ್ಯಾಲಿ ಲೆಕ್ಕ ತಂತ್ರಾಂಶದಲ್ಲಿ ಬೇರೆ ಲೆಡ್ಜರ್, ಪ್ರತಿ ಬಿಲ್ಲಿನ ಮೇಲೆ ಆ ಯೋಜನೆಯ ಮೊಹರು. ಒಂದೇ ಡೀಸೆಲ್ ಬಿಲ್ಲನ್ನು ಎರಡು ದಾನಿಗಳಿಗೆ ತೋರಿಸಿದ್ದು ಗೊತ್ತಾದರೆ ಆ ಟ್ರಸ್ಟಿಗೆ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

ಹೊಸ ವರ್ಷದ ಬಜೆಟ್ಟಿಗೆ ಪ್ರಸ್ತಾವನೆ ಡಿಸೆಂಬರ್–ಫೆಬ್ರುವರಿಯಲ್ಲಿ ಹೋಗಿರಬೇಕು. ಒಂದೇ ಕಂಪನಿ 8 ಲಕ್ಷ ಕೊಡುತ್ತೇನೆಂದರೂ ಅದು ಈಗಿನ ಕಷ್ಟವನ್ನೇ ಬೇರೆ ಹೆಸರಲ್ಲಿ ತಂದಂತೆ. ಯಾರೊಬ್ಬರ ಪಾಲೂ ಶೇ. 30 ದಾಟದಿರಲಿ.

ಬನವಾಸಿ_ರಸ್ತೆ

ಎಲ್ಲರಿಗೂ ಕೃತಜ್ಞತೆ. ದಿನಕ್ಕೆ 5,300ರ ಲೆಕ್ಕ ನಮ್ಮ ಟ್ರಸ್ಟಿಗಳ ಮುಂದೆ ಇಟ್ಟಿದ್ದೇನೆ.

ಇನ್ನೆರಡು ಪ್ರಶ್ನೆ. ಅಮೆರಿಕದಲ್ಲಿರುವ ಶಿರಸಿ ಮೂಲದ ಕೆಲವರು, ಗಲ್ಫಿನಲ್ಲಿರುವ ಭಟ್ಕಳದ ಒಬ್ಬರು ಹಣ ಕಳಿಸಲು ಸಿದ್ಧರಿದ್ದಾರೆ. ತೆಗೆದುಕೊಳ್ಳಬಹುದೇ? ಮತ್ತೆ ಜನವರಿಯಲ್ಲಿ ಸಹಾಯಾರ್ಥ ಯಕ್ಷಗಾನ ಮಾಡೋಣ ಎನ್ನುತ್ತಿದ್ದಾರೆ. ಟಿಕೆಟಿಗೆ 80ಜಿ ಕೊಡಬಹುದೇ?

ಲೆಡ್ಜರ್_ಕುಮಟಾ

ವಿದೇಶದ ಹಣದಲ್ಲಿ ನೋಡಬೇಕಾದದ್ದು ದೇಶವನ್ನಲ್ಲ, ಪಾಸ್‌ಪೋರ್ಟನ್ನು. ಗಲ್ಫಿನಲ್ಲಿರುವವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ಮತ್ತು ಭಾರತೀಯ ನಾಗರಿಕ ಎಂಬ ಸಹಿ ಮಾಡಿದ ಪತ್ರ ಕಡತದಲ್ಲಿರಲಿ. ಎನ್‌ಆರ್‌ಇ ಅಥವಾ ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಿಂದ ರೂಪಾಯಿಯಲ್ಲಿ ಬಂದರೆ ಬ್ಯಾಂಕಿಗೆ ವಿವರಿಸುವುದು ಸುಲಭ. ಝಕಾತ್ (ಮುಸ್ಲಿಮರ ಧಾರ್ಮಿಕ ದಾನ) ಎಂದು ಹೇಳಿ ಕೊಟ್ಟರೆ ಅದನ್ನು ಬೇರೆ ಶೀರ್ಷಿಕೆಯಲ್ಲಿಡಿ. ಯಾರಿಗೆ ಸಲ್ಲಬೇಕು ಎಂಬುದಕ್ಕೆ ಅವರಲ್ಲಿ ನಿಯಮ ಇದೆ, ಸಂಬಳಕ್ಕೋ ಕಟ್ಟಡಕ್ಕೋ ಬಳಸುವ ಮೊದಲು ಅವರನ್ನೇ ಕೇಳಿ.

ಅಮೆರಿಕದ ಪೌರತ್ವ ಪಡೆದವರು, ಓಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರಿಗೆ ಕೊಡುವ) ಕಾರ್ಡು ಇದ್ದರೂ, ವಿದೇಶಿ ಮೂಲವೇ. ಶಿರಸಿಯ ಬ್ಯಾಂಕಿನ ಖಾತೆಯಿಂದ ರೂಪಾಯಿಯಲ್ಲಿ ಕೊಟ್ಟರೂ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಬೇಡ. ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷದಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚು ಬೇಕು. ಖರ್ಚಿನ ಮಟ್ಟಿಗೆ ನೀವು ದಾಟಿದ್ದೀರಿ. ಆದರೆ ಹಣ ಮೊದಲು ದೆಹಲಿಯ ಸಂಸತ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಪ್ರತಿ ಡಿಸೆಂಬರ್ 31ರೊಳಗೆ ಎಫ್‌ಸಿ-4 ರಿಟರ್ನ್.  ವರ್ಷಕ್ಕೆ ಒಂದೆರಡು ಲಕ್ಷಕ್ಕಾಗಿ ಇಷ್ಟನ್ನೆಲ್ಲ ಹೊರುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಊರಲ್ಲಿರುವ ಅವರ ಅಣ್ಣನೋ ತಮ್ಮನೋ ತಮ್ಮದೇ ದುಡಿಮೆಯ ಹಣ ಕೊಡಲಿ. ಅಮೆರಿಕದ ಹಣವನ್ನೇ ಅವರ ಹೆಸರಲ್ಲಿ ತರಿಸುವುದು ಮಾತ್ರ ಅಪರಾಧ.

ಯಕ್ಷಗಾನದ ಟಿಕೆಟಿಗೆ 80ಜಿ ಇಲ್ಲ. ದುಡ್ಡು ಕೊಟ್ಟು ಆಟ ನೋಡಿದ ಮೇಲೆ ಅದು ದಾನವಲ್ಲ. ಟಿಕೆಟ್ 500 ರೂಪಾಯಿಯೊಳಗಿದ್ದರೆ ಅದರ ಮೇಲೆ ಜಿಎಸ್‌ಟಿ ಇಲ್ಲ. ಟಿಕೆಟ್ ಪುಸ್ತಕ ಮತ್ತು ದೇಣಿಗೆ ರಸೀದಿ ಪುಸ್ತಕ ಬೇರೆ ಬಣ್ಣದಲ್ಲಿರಲಿ.

ತೋಟದಂಚು

ಯಕ್ಷಗಾನಕ್ಕೆ ಇನ್ನೊಂದು ಮಾತು. ಸಹಾಯಾರ್ಥ ಪ್ರದರ್ಶನಗಳಲ್ಲಿ ಕೈ ಸುಡುವುದು ಟಿಕೆಟ್ ನೆಚ್ಚಿಕೊಂಡಾಗ. ಮೇಳದ ವೀಳ್ಯ (ಸಂಭಾವನೆ), ರಂಗಸ್ಥಳ, ಧ್ವನಿ–ಬೆಳಕು, ಊಟ, ಮುದ್ರಣ ಎಲ್ಲ ಸೇರಿದ ಪೂರ್ತಿ ಖರ್ಚಿಗೆ ಪ್ರಾಯೋಜಕರು ಸಿಕ್ಕಿ, ಹಣ ಖಾತೆಗೆ ಬಿದ್ದ ಮೇಲೆಯೇ ಟಿಕೆಟ್ ಮುದ್ರಿಸಿ. ಆಗ ಮಾರಿದ ಪ್ರತಿ ಟಿಕೆಟ್ಟೂ ಮಕ್ಕಳಿಗೆ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, ಸಂಜೆ 6ಕ್ಕೆ ಚೆಂಡೆ ಬೀಳುವಂತೆ ಕಾಲಮಿತಿಯ ಆಟವೇ ಆಗಲಿ.

ಮತ್ತೆ, ಆಟದ ನಡುವೆ ಭಾಷಣ ಬೇಡ ಮಾರಾಯ್ರೆ. ಐದು ನಿಮಿಷ ಸಾಕು, ಆದರೆ ಬಾಗಿಲಲ್ಲಿ ಇಬ್ಬರು ವಹಿ ಹಿಡಿದು ಕೂತಿರಲಿ. ಹೆಸರು, ಊರು, ಫೋನು, ತಿಂಗಳಿಗೆ 500 ಒಪ್ಪಿದವರ ಸಹಿ. ಆ ರಾತ್ರಿಯ ನಿಜವಾದ ಗಳಿಕೆ ಆ ವಹಿ. ಮೂರು ದಿನದೊಳಗೆ ಅವರೆಲ್ಲರಿಗೂ ಫೋನು ಹೋಗದಿದ್ದರೆ ಅರ್ಧ ಜನ ಮರೆತುಬಿಡುತ್ತಾರೆ.

ಘಟ್ಟದ_ಮೇಲೆ

ಯಾರೂ ಹೇಳದ ಒಂದು ವಿಷಯ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಕೇಂದ್ರಕ್ಕೆ ನೋಂದಣಿ ಪ್ರಮಾಣಪತ್ರ ಇದೆಯೇ? ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಅದು ಇಲ್ಲದೆ ಕೇಂದ್ರ ಸರ್ಕಾರದ ದೀನದಯಾಳ್ ಪುನರ್ವಸತಿ ಯೋಜನೆಯ ಅನುದಾನಕ್ಕೆ ಅರ್ಜಿ ಹಾಕಲಾಗುವುದಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಯಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ನಿಮ್ಮ 26 ಮಕ್ಕಳಲ್ಲಿ ಎಷ್ಟು ಜನರಿಗೆ ಮಾಡಿಸಿದ್ದೀರಿ ನೋಡಿ. ದಾನಿಯ ಹಣದಿಂದ ಕೊಡುತ್ತಿರುವ ಕೆಲವು ಖರ್ಚು ಅಲ್ಲಿಗೆ ಹೋಗಬಹುದು.

ಸರ್ಕಾರದ ಅನುದಾನ ಬರುವಾಗ ತಡವಾಗುತ್ತದೆ. ಆದ್ದರಿಂದ ಆರು ತಿಂಗಳ ಖರ್ಚು, 7 ಲಕ್ಷ, ಆಪದ್ಧನವಾಗಿ ಇರಬೇಕು. ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಿದರೆ ಉಳಿದ ಶೇ. 15ನ್ನು ಯಾವ ಅರ್ಜಿಯೂ ಇಲ್ಲದೆ ಉಳಿಸಿಕೊಳ್ಳಬಹುದು. ಆದಾಯ 16 ಲಕ್ಷಕ್ಕೆ ಏರಿದರೆ ಅದು 2.4 ಲಕ್ಷ. ಮೂರು ವರ್ಷದಲ್ಲಿ 7 ಲಕ್ಷ ಕೂಡುತ್ತದೆ. ಬ್ಯಾಂಕಿನಲ್ಲಿ ಠೇವಣಿ ಇಡಿ, ಟ್ರಸ್ಟಿಗಳ ಬಂಧುಗಳಿಗೆ ಕೈಗಡ ಕೊಡಬೇಡಿ.

ಬನವಾಸಿ_ರಸ್ತೆ

ನಿರಾಮಯ ಒಂಬತ್ತು ಮಕ್ಕಳಿಗೆ ಮಾತ್ರ ಆಗಿದೆ. ಉಳಿದವರದ್ದು ಯುಡಿಐಡಿ ಕಾರ್ಡಿಗಾಗಿ (ಅಂಗವಿಕಲರ ಗುರುತಿನ ಚೀಟಿ) ನಿಂತಿದೆ, ಅದನ್ನು ಮೊದಲು ಮಾಡಿಸುತ್ತೇವೆ. ನಿಲ್ಲಿಸುತ್ತಿರುವ ಕುಟುಂಬಕ್ಕೆ ಈಗ ಏನು ಬರೆಯಬೇಕು ಎಂಬುದೊಂದು ಉಳಿಯಿತು.

ತೋಟದಂಚು

ಇನ್ನೂ ಒಂದು ವರ್ಷ ಮುಂದುವರಿಸಿ ಎಂದು ಬರೆಯಬೇಡಿ. ಅವರು ಮುಂಚಿತವಾಗಿ ಹೇಳಿದ್ದೇ ದೊಡ್ಡ ಉಪಕಾರ. ಎರಡು ಪುಟದ ಪತ್ರ ಬರೆಯಿರಿ. ಮೊದಲ ಪುಟದಲ್ಲಿ ಇಷ್ಟು ವರ್ಷ ಅವರು ಕೊಟ್ಟ ಒಟ್ಟು ಮೊತ್ತ, ಅದು ಹೋದದ್ದೆಲ್ಲಿಗೆ, ಎಷ್ಟು ಮಕ್ಕಳು ತಾವೇ ಊಟ ಮಾಡಲು, ನಡೆಯಲು, ಶೌಚಕ್ಕೆ ಹೇಳಲು ಕಲಿತರು, ಹೆಸರಿಲ್ಲದೆ ಸಂಖ್ಯೆಯಲ್ಲಿ. ಎರಡನೆಯದರಲ್ಲಿ ಮಾರ್ಚ್ ನಂತರದ ಯೋಜನೆ: 70 ಜನ, 40 ದಿನ, ಈವರೆಗೆ ಎಷ್ಟು ಆಗಿದೆ. ಕೊನೆಗೆ ಎರಡೇ ಕೋರಿಕೆ. ಅವರ ಪರಿಚಯದ ಐದು ಮನೆಗೆ ಕೇಂದ್ರದ ವಿಷಯ ಹೇಳಬಹುದೇ, ಮತ್ತು ವರ್ಷದ ಒಂದು ದಿನವನ್ನು ಅವರ ಹಿರಿಯರ ಹೆಸರಲ್ಲಿ ಇಟ್ಟುಕೊಳ್ಳಬಹುದೇ, ತಿಥಿ ಯಾವುದು. ಮೇ ತಿಂಗಳಲ್ಲಿ ಅವರ 10ಬಿಇ ಎಲ್ಲರಿಗಿಂತ ಮೊದಲು ಹೋಗಲಿ, ಅಂಚೆಯಲ್ಲಿ ಒಂದು, ಮೇಲ್‌ನಲ್ಲಿ ಒಂದು.